ಡ್ರೋನಿನ ಕಣ್ಣಿಗೆ ಬಿದ್ದ ಹೋರಿ

ಮಾವನ ಮನೆಯಲ್ಲಿ ಸಿಗಬೇಕಾದ ಮರ್ಯಾದೆ ಮದುವೆಯಾದ ಹೊಸತರಲ್ಲೇ ಸಿಕ್ಕಿಬಿಡಬೇಕು. ಆಮೇಲೆ ಸಿಗುವುದು ಬರೀ ಚಹಾ. ಅಕ್ಕಿಆಲೂರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿರುವ ನನ್ನನ್ನು ದುಂಡಸಿಯ ನಮ್ಮ ಮಾವ ಇಷ್ಟು ವರ್ಷವಾದರೂ ಒಮ್ಮೆಯೂ ಬಾಯಿ ತುಂಬ ಅಳಿಯ ಎಂದು ಕರೆದಿರಲಿಲ್ಲ. "ಫೋಟೋದವ್ರ, ಊಟಕ್ಕ ಏಳ್ರಿ" ಎನ್ನುತ್ತಿದ್ದರು. ನಾನು ಏಳುತ್ತಿದ್ದೆ, ಉಣ್ಣುತ್ತಿದ್ದೆ, ಹೊಟ್ಟೆಯೊಳಗೇ ಉರಿದುಕೊಳ್ಳುತ್ತಿದ್ದೆ. ಮಾವನ ಪ್ರೀತಿಯೆಲ್ಲ ಅವರ ಹೋರಿ ತೂಫಾನನ ಪಾಲಾಗಿತ್ತು.

ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಹೋರಿಯ ಕೊರಳಿಗೆ ಕೊಬ್ಬರಿ ಹಾರ ಕಟ್ಟಿ ಅಖಾಡಕ್ಕೆ ಬಿಡುತ್ತಾರೆ. ಎರಡೂ ಬದಿಯಿಂದ ಜನ ಮೇಲೆ ಬಿದ್ದು ಹಾರ ಹರಿಯಲು ನೋಡುತ್ತಾರೆ. ಹರಿಗೊಡದೆ ಪಾರಾದ ಹೋರಿ ಗೆದ್ದಂತೆ. ಹೋದ ಸಲ ತೂಫಾನ ಗೆದ್ದರೂ, ನಡುವೆ ಕೊಬ್ಬರಿ ಹರಿದಿತ್ತೆಂದು ಯಾರೋ ತಕರಾರು ತೆಗೆದು ಬಹುಮಾನ ತಪ್ಪಿಸಿದ್ದರು. ಮಾವ ಅಂದು ಊಟ ಬಿಟ್ಟರು. ಇದೇ ಸಮಯವೆಂದು ನಾನು ಹೊಸದಾಗಿ ಕೊಂಡಿದ್ದ ಡ್ರೋನಿನ ಗುಣಗಾನ ಶುರುವಿಟ್ಟುಕೊಂಡೆ. "ಅದು ತಾನ ಗುರುತು ಹಿಡಿದು ಹೋರಿ ಬೆನ್ನು ಹತ್ತಿ ಮ್ಯಾಲಿಂದ ವಿಡಿಯೋ ತಗೀತೈತ್ರಿ ಮಾವಾರ. ಈ ಸಲ ಸುಳ್ಳು ತಕರಾರು ನಡಿಯಂಗಿಲ್ಲ" ಎಂದೆ. "ನೋಡೂಣ" ಎಂದರು ಮಾವ.

ಹಾನಗಲ್ಲಿನ ಸ್ಪರ್ಧೆಯ ದಿನ ತೂಫಾನನ ಬೆನ್ನಿಗೆ ಬಣ್ಣದ ಜೂಲ ಹೊದಿಸಿ, ರಿಬ್ಬನ್ ಸುತ್ತಿ, ಕೊಂಬಿನ ತುಂಬ ಬಲೂನು ಕಟ್ಟಿ, ಹಡೆದ ಆಕಳಿಗೂ ಗುರುತು ಸಿಗದಂತೆ ಸಿಂಗರಿಸಿದ್ದರು. ಡ್ರೋನು ಹಾರಿಸಿದೆ. ಅದು ಕಂಡದ್ದರ ಸುತ್ತ ನನ್ನ ಮೊಬೈಲಿನಲ್ಲಿ ಹಸಿರು ಚೌಕ ಹಾಕಿ ಹೆಸರು ಬರೆಯುತ್ತದೆ. ಕನ್ನಡಾಭಿಮಾನ ನೋಡಿ, ಅದರ ಭಾಷೆಯನ್ನು ಕನ್ನಡಕ್ಕೆ ಬದಲಿಸಿದ್ದೆ. ಪರದೆಯ ಮೇಲೆ ತೂಫಾನನ ಸುತ್ತ ಚೌಕ ಮೂಡಿತು. ಅದರ ಮೇಲೆ ಸ್ಪಷ್ಟವಾಗಿ, ಛತ್ರಿ.

"ಯಾರಿಗೆ ಛತ್ರಿ ಅಂತೈತ್ರಿ ಅದು?" ಎಂದರು ಮಾವ. ಮಳೆಗೆ ಹಿಡಿಯುವುದೊಂದೇ ಛತ್ರಿಯಲ್ಲ, ನಂಬಿಸಿ ಟೋಪಿ ಹಾಕುವವನೂ ಛತ್ರಿಯೇ. ಬಣ್ಣಬಣ್ಣದ ಬಲೂನು ಕಂಡು ಯಂತ್ರ ಮೋಸ ಹೋಗಿದೆಯೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಯಂತ್ರದ ಮಾನ ಉಳಿಸಲು ಅದರ ಮುಂದೆ ನಾನೇ ಹೋಗಿ ನಿಂತೆ. ತಕ್ಷಣ 'ಮನುಷ್ಯ' ಎಂದು ತೋರಿಸಿತು. ಮಾವ ಪರದೆಯನ್ನೂ ನೋಡಿದರು, ನನ್ನನ್ನೂ ನೋಡಿದರು. "ನಿಮ್ಮನ್ನ ಮನುಷ್ಯಾ ಅಂದಮ್ಯಾಲ ಅದರ ಕಣ್ಣು ಖರೇನ ಕೆಟ್ಟಾವು" ಎಂದರು.

ಆಗ ಜೊತೆಗೆ ಬಂದಿದ್ದ ನನ್ನ ಹೆಂಡತಿ ಅಪ್ಪನ ಪಕ್ಷವೋ ನನ್ನ ಪಕ್ಷವೋ ತಿಳಿಯದಂತೆ ಒಂದು ಮಾತು ಹೇಳಿದಳು. "ಹಂಗಾರ ನೀವ ಮುಂದ ಓಡ್ರಿ. ಅದು ನಿಮ್ಮ ಬೆನ್ನು ಹತ್ತತೈತಿ. ಹಿಂದ ಬರೋ ತೂಫಾನನೂ ವಿಡಿಯೋದಾಗ ಬೀಳ್ತಾನ. ಏನೂ ಆಗಂಗಿಲ್ಲ ಓಡ್ರಿ." ನಾನು ಓಡಿದ್ದೆಂದರೆ ಶಿಗ್ಗಾವಿ ಬಸ್ಸಿನ ಹಿಂದೆ, ಅದೂ ಸಿಕ್ಕಿರಲಿಲ್ಲ. ಆದರೆ ಮಾವ ನೋಡುತ್ತಿದ್ದರು. ಪ್ಯಾಂಟು ಮೇಲೇರಿಸಿ ಅಖಾಡಕ್ಕಿಳಿದೆ.

ಹೋರಿ ಬಿಟ್ಟರು. ನೆಲ ನಡುಗುವುದು ಕಾಲಿಗೆ ತಿಳಿಯಿತು. ಮುಂದಿನದನ್ನು ಕಾಲುಗಳೇ ನೋಡಿಕೊಂಡವು. ತಲೆಯ ಮೇಲೆ ಡ್ರೋನಿನ ಗುಂಯ್‌ಗುಡುವ ಸದ್ದು, ಬೆನ್ನ ಹಿಂದೆ ತೂಫಾನನ ಉಸಿರು, ಅಕ್ಕಪಕ್ಕ ಜನರ ಸಿಳ್ಳೆ. ಅಖಾಡದ ಕೊನೆಯ ಬಣವೆ ಹತ್ತಿ ಕುಳಿತ ಮೇಲೆಯೇ ನಾನು ಹಿಂದೆ ತಿರುಗಿ ನೋಡಿದ್ದು. ಈ ಸಲವೂ ತಕರಾರು ಬಂತು. ಪಂಚರು ವಿಡಿಯೊ ಹಾಕಿಸಿ ನೋಡಿದರು. ಮೊದಲಿನಿಂದ ಕೊನೆಯವರೆಗೆ ಹಾರಕ್ಕೆ ಒಬ್ಬನ ಬೆರಳೂ ತಾಗಿರಲಿಲ್ಲ. ತೂಫಾನ ಗೆದ್ದ. ಹಲಗೆ ಬಡಿತಕ್ಕೆ ಮಾವ ಕುಣಿದರು. ನನಗೂ ಕುಣಿಯಬೇಕೆನಿಸಿತು, ಮೊಣಕಾಲು ಒಪ್ಪಲಿಲ್ಲ.

ಮರುದಿನದಿಂದ ಮಾವನ ಕಟ್ಟೆಯ ಮೇಲೆ ಆ ವಿಡಿಯೊದ್ದೇ ದರಬಾರು. ಹಿರೇಕೆರೂರಿನಿಂದ ಬಂದ ಬೀಗರೊಬ್ಬರು ನೋಡಿ, "ಹೋರಿ ನಿಮ್ಮದು, ತಿಳೀತು. ಮುಂದ ಓಡಾಕತ್ತಿದ್ದು ಯಾರ್ರಿ?" ಎಂದು ಕೇಳಿದರು. ನಾನು ಒಳಗಿನಿಂದಲೇ ಬಾಗಿಲಿಗೆ ಕಿವಿಗೊಟ್ಟೆ.

ಮಾವ ಮೀಸೆಯ ಮೇಲೆ ಕೈಯಾಡಿಸಿ, "ಅದೂ ನಮ್ಮದ ರೀ, ನಮ್ಮ ಅಳಿಯಾ. ಮೇವು ಸ್ವಲ್ಪ ಜಾಸ್ತಿ ಬೇಕು, ಆದ್ರ ಬಿಟ್ರ ಬೇಷ್ ಓಡತೈತಿ" ಎಂದರು.

ನನಗೆ ಕೇಳಿಸಿದ್ದು ಅಳಿಯ ಎಂಬುದೊಂದೇ.