ಕಾಶವ್ವನ ಹಂಚು, ಚನ್ನವೀರಪ್ಪನ ರೆಗ್ಯುಲೇಟರ್

ಗದಗಿನಲ್ಲಿ ಕಾಶವ್ವ ಖಾನಾವಳಿ ತೆರೆದು ಮೂರು ವಾರವಾಗಿತ್ತು. ಇವತ್ತು ಮೊದಲ ದೊಡ್ಡ ಆರ್ಡರು. ಗರಡಿಯ ಪೈಲ್ವಾನರಿಗೆ ಮಧ್ಯಾಹ್ನ ಒಂದು ಗಂಟೆಗೆ ನೂರು ಜೋಳದ ರೊಟ್ಟಿ! ರುಚಿ ಹತ್ತಿದರೆ ದಿನಾಲೂ ಇಲ್ಲೇ ಉಣ್ಣುವುದಾಗಿ ಕುಸ್ತಿ ಕಲಿಸುವ ಉಸ್ತಾದರು ಮಾತು ಕೊಟ್ಟಿದ್ದರು. ಹಿಟ್ಟು ನಾದಿ ಒಲೆಯ ಕಡೆ ತಿರುಗಿದರೆ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚೇ ಇಲ್ಲ.

ಆ ಹೊತ್ತಿಗೇ ಗಂಡ ಚನ್ನವೀರಪ್ಪ ಒಂದು ಪೆಟ್ಟಿಗೆ ಹೊತ್ತುಕೊಂಡು ಬೀಗುತ್ತ ಬಂದ. ರೇಡಿಯೊ ರಿಪೇರಿ ಅವನ ಕಸುಬು, ಹೊಸ ಯಂತ್ರ ಕಟ್ಟುವುದು ಚಟ.

“ವೋಲ್ಟೇಜ್ ರೆಗ್ಯುಲೇಟರ್ ಗೊತ್ತಲ್ಲ? ಕರೆಂಟ್ ಎಷ್ಟ ಜಿಗದಾಡಿದ್ರೂ ನಾವು ಹೇಳಿದಷ್ಟ ಹೊರಗ ಬಿಡತೈತಿ. ಇದನ್ನ ದನಿಗೆ ಮಾಡೀನಿ. ನೀ ಎಷ್ಟರ ಒದರು, ಈ ಗುಂಡಿ ತಿರುವಿದಷ್ಟ ಕೇಳತೈತಿ.”

“ಉಳದದ್ದು ಎಲ್ಲಿ ಹೋಗತೈತ್ರಿ?”

“ಕಾವಾಗಿ ಕಬ್ಬಿಣಕ್ಕ ಇಳೀತೈತಿ. ಅಗಲನ್ನ ಕಬ್ಬಿಣ ಬೇಕಾಗಿತ್ತು, ಅದಕ್ಕ…”

ಪೆಟ್ಟಿಗೆಯ ನೆತ್ತಿಯ ಮೇಲೆ ಬೆಸುಗೆ ಹಾಕಿ ಕೂರಿಸಿದ್ದು ಅವಳ ಹಂಚು!

ಕಾಶವ್ವನ ಪಿತ್ತ ನೆತ್ತಿಗೇರಿತು. “ನನ್ನ ಹೊಟ್ಟಿ ಮ್ಯಾಲೆ ಹೊಡದ್ರಲ್ಲರಿ ನೀವು” ಎಂದು ಓಣಿಗೆಲ್ಲ ಕೇಳುವಂತೆ ಕಿರುಚಿದಳು. ಯಂತ್ರ ಅದನ್ನು ಗಾಳಿಯಲ್ಲೇ ಹೀರಿಕೊಂಡು ಜೋಗುಳದಂತೆ ಹೊರಗೆ ಬಿಟ್ಟಿತು. ಇನ್ನೂ ಜೋರು ಮಾಡಿದಳು. ಮತ್ತೆ ಅದೇ ಜೋಗುಳ. ಹಂಚು ಮಾತ್ರ ಹೊಗೆಯಾಡತೊಡಗಿತು.

ಸಿಟ್ಟಿನಲ್ಲೂ ಅವಳದು ಅಡುಗೆಯವಳ ಕಣ್ಣು. ಒಂದು ರೊಟ್ಟಿ ಬಡಿದು ಹಾಕಿ ನೋಡಿದಳು. ಚೆಂಡಿನಂತೆ ಉಬ್ಬಿತು!

ಆಮೇಲೆ ಹತ್ತು ವರ್ಷದಿಂದ ನುಂಗಿಕೊಂಡಿದ್ದನ್ನೆಲ್ಲ ಹೊರಗೆ ತೆಗೆದಳು. ಸೋರುವ ಮಾಳಿಗೆಗೆ, ಮೊದಲಿನದೂ ಸೇರಿ, ಇಪ್ಪತ್ತು ರೊಟ್ಟಿ. ಬಿಚ್ಚಿ ಮತ್ತೆ ಜೋಡಿಸದೆ ಬಿಟ್ಟ ಮಿಕ್ಸರ್‌ಗೆ ಮೂವತ್ತು. ಮದುವೆಯ ದಿನ ಮಂಟಪದ ಮೈಕ್ ರಿಪೇರಿಗೆ ಕೂತು ಮುಹೂರ್ತ ತಪ್ಪಿಸಿದ್ದಕ್ಕೆ ನಲವತ್ತು. ಅಷ್ಟರಲ್ಲಿ ಪೈಲ್ವಾನರು ಬಂದು ಪಂಕ್ತಿಯಲ್ಲಿ ಕೂತರು. ಅಲ್ಲಿಗೆ ಕೇಳಿಸಿದ್ದು ಗುನುಗು ಅಷ್ಟೇ.

“ಎಷ್ಟ ಪ್ರೀತೀಲೆ ಹಾಡಕೋತ ರೊಟ್ಟಿ ಬಡೀತೀರಿ ಅಕ್ಕಾರ” ಎಂದು ಉಸ್ತಾದರು ತಲೆದೂಗಿದರು.

ಕಾಶವ್ವನಿಗೆ ಸಂತೋಷವಾಗಿ ಸಿಟ್ಟು ಜರ್ರನೆ ಇಳಿಯಿತು. ಅದರೊಟ್ಟಿಗೆ ಹಂಚೂ ಆರಿತು. ಇನ್ನೂ ಹತ್ತು ರೊಟ್ಟಿ ಬಾಕಿ!

“ಬೈ ಮಾರಾಯ್ತಿ,” ಗಂಡ ಅಂಗಲಾಚಿದ. “ಮಷಿನ್ ಹೊರಗ ಬಿಡೂ ದನಿಗಿಂತ ನೀ ಒಂದ ಚೂರ ಜೋರ ಒದರಿದ್ರ ಸಾಕು, ಹಂಚು ಕಾಯತೈತಿ.”

“ಅಷ್ಟೂ ಬರವಲ್ದರಿ. ಎದಿ ಹಗುರಾಗೈತಿ.”

ಚನ್ನವೀರಪ್ಪ ಪೈಲ್ವಾನರ ಬರಿದಾದ ತಾಟುಗಳನ್ನು ನೋಡಿದ. ಹೆಂಡತಿಯ ಮುಖ ನೋಡಿದ. ಒಂದು ಕಾಲು ಹೊಸ್ತಿಲಾಚೆ ಇಟ್ಟುಕೊಂಡು ಹೇಳಿದ.

“ನಮ್ಮವ್ವನ ರೊಟ್ಟಿ ಇದಕ್ಕಿಂತ ತೆಳ್ಳಗಿರತಿದ್ವು.”

ಹಂಚು ಕೆಂಪಗಾಯಿತು. ಹತ್ತೂ ರೊಟ್ಟಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬೆಂದವು. ಗಂಡನಿಗೆಂದು ಹಾಕಿದ ಹನ್ನೊಂದನೆಯದು ಸುಟ್ಟು ಇದ್ದಿಲಾಗುತ್ತಿದ್ದಂತೆ ಯಂತ್ರ ಢಬ್ಬೆಂದು ಸತ್ತಿತು.

ಉಸ್ತಾದರು ನಾಳೆಗೂ ನೂರು ರೊಟ್ಟಿ ಹೇಳಿ ಹೋದರು. ಕಾಶವ್ವ ಸೊಂಟದ ಮೇಲೆ ಕೈಯಿಟ್ಟು ಎದುರಿಗೇ ನಿಂತಿದ್ದಳು. ಚನ್ನವೀರಪ್ಪ ತನ್ನ ಪಾಲಿನ ಇದ್ದಿಲನ್ನು ಮುರಿದು ಬಾಯಿಗಿಟ್ಟು, ಮೆಲ್ಲಗೆ ಅಗಿದ.

“ಭಾಳ ತೆಳ್ಳಗೈತಿ” ಎಂದ.