ಎಲ್ಲರನ್ನೂ ಕೇಳುವ ಮಾವ

ನಮ್ಮ ಸೋದರಮಾವನಷ್ಟು ನಿಧಾನಸ್ಥ ಮನುಷ್ಯ ದೇವದುರ್ಗ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ಸೋಮಾರಿಯಲ್ಲ ಮತ್ತೆ! ಆತನಿಗಿರುವುದು ಕೇಳುವ ರೋಗ. ಏನೇ ಮಾಡುವುದಿರಲಿ, ಅದರ ಬಿಸಿ ಯಾರಿಗೆ ತಟ್ಟುತ್ತದೋ ಅವರನ್ನೆಲ್ಲ ಕೇಳಿಯೇ ಮಾಡಬೇಕು.

ಸಣ್ಣವನಿದ್ದಾಗ ಬೇಸಿಗೆ ರಜೆಗೆ ಮಾವನ ಊರು ಮಸರಕಲ್ಲಿಗೆ ಹೋಗುತ್ತಿದ್ದೆ. ಒಂದು ರಜೆಯಲ್ಲಿ ಮಾವ ಮನೆಗೆ ಬಣ್ಣ ಹಚ್ಚಿಸಲು ಹೊರಟ. ಅತ್ತೆಗೆ ತಿಳಿಹಳದಿ ಬೇಕಿತ್ತು. ಮಾವ ಹೋಗಿ ಕೇಳಿದ್ದು ಯಾರನ್ನು? ಎದುರುಮನೆಯ ಮುದುಕನನ್ನು!

"ಮನಿ ನಮ್ಮದು. ಆ ಮುದುಕನ್ನ ಯಾಕ ಕೇಳ್ತೀರಿ?" ಅತ್ತೆ ಕೂಗಾಡಿದಳು.

"ಗ್ವಾಡಿ ನಮ್ಮದು ಖರೇ. ನಾವು ಒಳಗ ಇರ್ತೀವಿ. ಕಟ್ಟಿ ಮ್ಯಾಲ ಕುಂತು ದಿನಾ ನೋಡಾವ ಆತ!"

ಮುದುಕ ಗಿಳಿಹಸಿರು ಎಂದ. ಮಾವ ಹಚ್ಚಿಸಿಯೇ ಬಿಟ್ಟ. ಬಹಳ ದಿನ ಅತ್ತೆ ಹಿತ್ತಲ ಬಾಗಿಲಿನಿಂದಲೇ ಓಡಾಡಿದಳು.

ನನ್ನ ಮದುವೆ ಮಾನ್ವಿಯಲ್ಲಿ. ಹಿಂದಿನ ದಿನ ಮಧ್ಯಾಹ್ನವೇ ಮೆರವಣಿಗೆ ಎಂದು ನಿಗದಿಯಾಗಿತ್ತು. ಹೊರಡುವ ಹೊತ್ತಿಗೆ ಮಾವ ನಾಪತ್ತೆ! ಹುಡುಕಿದರೆ ಬ್ಯಾಂಡಿನವರ ನಡುವೆ ಕುಳಿತಿದ್ದ.

"ಬಿಸಲು ಇಳಿದ ಮ್ಯಾಲ ಹೊಂಟ್ರ ಚಲೋ ಅಂತಾರ ಇವರು."

"ಮದಿವಿ ಅವರದೇನು ಮಾವಾ?"

"ಮದಿವಿ ನಿಂದಪಾ. ಬಿಸಲು ಅವರದು!"

ಅಷ್ಟರಲ್ಲಿ ಹೆಣ್ಣಿನವರು ಮನಸ್ಸು ಬದಲಿಸಿಬಿಟ್ಟರೆ? ಸಂಜೆಯವರೆಗೂ ಕಿಟಕಿಯಲ್ಲಿ ಇಣುಕುತ್ತಲೇ ಇದ್ದೆ. ಚಿಂತೆ ಮಾಡುವುದರಲ್ಲಿ ನಾನು ಆಗಲೇ ಪಳಗಿದ್ದೆ.

ಈಗೀಗ ನಮ್ಮ ಕಡೆ ಸೋಲಾರ್ ಬಂತು. ಅಜ್ಜ ಮುತ್ತಜ್ಜರ ಕಾಲದಿಂದ ಬೈದುಕೊಂಡು ಬಂದ ಬಿಸಿಲಿಗೆ ಬೆಲೆ ಕೊಡುತ್ತೇವೆಂದು ಒಂದು ಕಂಪನಿ ಬಂದರೆ ಯಾರಿಗೆ ಬೇಡ? ಮಾವನ ಹೊಲದ ಸುತ್ತಲಿನವರೆಲ್ಲ ಗುತ್ತಿಗೆಗೆ ಕೊಡಲು ಒಪ್ಪಿದರು. ನಡುವೆ ಮಾವನ ಹೊಲವೊಂದೇ ಬಾಕಿ. ಅತ್ತೆಯ ಫೋನು ಬಂತು: "ಅಳಿಯಾ, ನಿಮ್ಮ ಮಾವಗ ರೋಗ ತಿರುಗಿ ಬಂದದ. ಲಗೂನ ಬಾ!"

ಬಿಪಿ ಗುಳಿಗೆ ಕಟ್ಟಿಕೊಂಡು ರಾಯಚೂರಿನಿಂದ ಓಡಿದೆ. ಆಗಿದ್ದು ಇಷ್ಟು. ಮಾವನ ಹೊಲದ ಬದುವಿನ ಮೇಲೆ ಕುರಿಯವರು ಹಳ್ಳಕ್ಕೆ ನೀರಿಗೆ ಹೋಗುವ ದಾರಿ. ಕಂಪನಿ ಬೇಲಿ ಹಾಕಿದರೆ ಅದು ಬಂದ್. ಆ ದಾರಿ ಯಾವ ಕಾಗದದಲ್ಲೂ ಇಲ್ಲ, ಹಾಗಾಗಿ ಕುರಿಯವರನ್ನು ಯಾರೂ ಕೇಳಿರಲಿಲ್ಲ.

ಬೆಳಿಗ್ಗೆ ಶಾಮಿಯಾನದಲ್ಲಿ ಸಭೆ. ಕಂಪನಿಯ ಹುಡುಗ ಅಧಿಕಾರಿ ಚೆನ್ನಾಗಿಯೇ ವಿವರಿಸಿದ. ಹೊಗೆಯಿಲ್ಲ, ಬೂದಿಯಿಲ್ಲ. ಕೊನೆಗೆ, "ಎಲ್ಲರೂ ಒಪ್ಪಿದ್ದೀರಲ್ಲ?" ಎಂದ.

ಮಾವ ಎದ್ದು ನಿಂತ. ನಾನು ಧೋತರದ ಚುಂಗು ಹಿಡಿದು ಜಗ್ಗಿದೆ. ಕೂಡಲಿಲ್ಲ.

"ಭಾಳ ಚಲೋ ಕೆಲಸರೀ. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಲಕ್ಕವ್ವನ್ನ ಕೇಳೀರೇನು?"

"ಲಕ್ಕವ್ವ ಅವರದು ಎಷ್ಟು ಹೊಲ?"

"ಹೊಲ ಇಲ್ರೀ. ಕುರಿ ಅವ."

"ಸರಿ, ಅವರನ್ನೂ ಕರೀರಿ."

"ಈಗ ಹ್ಯಾಂಗ ಬರ್ತಾಳ್ರೀ? ಕುರಿ ಮೇಸಾಕ ಹೋಗ್ಯಾಳ. ಸಂಜೀಕ ಸಭಾ ಮಾಡ್ರಿ."

"ಸಂಜೆ ಕಷ್ಟ. ಕತ್ತಲಾಗುತ್ತೆ."

"ಕರೆಂಟ್ ಮಾಡಾಕ ಬಂದವರು ಕತ್ತಲಿಗಿ ಅಂಜಿದ್ರ ಹ್ಯಾಂಗ್ರೀ?"

ಶಾಮಿಯಾನವೇ ನಕ್ಕಿತು. ಪಕ್ಕದ ಹೊಲದವನೊಬ್ಬ ಮಾತ್ರ ನಗಲಿಲ್ಲ. "ನಿನ್ನ ಸಲುವಾಗಿ ಕಂಪನಿ ಬ್ಯಾರೆ ಊರಿಗಿ ಹೋದ್ರ ಯಾರು ಜಿಮ್ಮೇದಾರಲೇ?" ಎಂದು ಗುಡುಗಿದ. ನಾನು ಒಂದು ಗುಳಿಗೆ ನುಂಗಿದೆ. ಪುಣ್ಯಕ್ಕೆ ಆ ಹುಡುಗ ಸಂಜೆಯವರೆಗೆ ಉಳಿಯಲು ಒಪ್ಪಿದ.

ಹೊತ್ತು ಮುಳುಗುವಾಗ ಲಕ್ಕವ್ವ ಕುರಿಗಳನ್ನು ಹಟ್ಟಿಗೆ ಸೇರಿಸಿ ಬಂದಳು. ಕೈಗೆ ಮೈಕು ಕೊಟ್ಟರು. ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ನನ್ನ ಇಲ್ಲೀತನಕ ಯಾರೂ ಏನೂ ಕೇಳಿಲ್ರೀ. ಏನ್ ಹೇಳಬೇಕೋ ತಿಳಿವಲ್ದು," ಎಂದಳು. ಆಮೇಲೆ ಮೆಲ್ಲಗೆ, "ಬಿಸಲು ನೀವು ತಗೋರಿ. ಹಳ್ಳದ ದಾರಿ ನಮಗ ಬಿಡ್ರಿ."

ಈ ಸಲ ಯಾರೂ ನಗಲಿಲ್ಲ. ಪಕ್ಕದ ಹೊಲದವನೂ ತಲೆ ತಗ್ಗಿಸಿದ. ಬೇಲಿಯನ್ನು ಒಳಕ್ಕೆ ಸರಿಸುವುದೆಂದು ಬರೆದುಕೊಂಡರು. ಮಾವ ಬರೆದದ್ದನ್ನು ನಂಬುವವನೇ? ಮರುದಿನ ಬೇಲಿಯ ಗುರುತಿನ ಗೂಟ ಕಿತ್ತು ಒಳಗೆ ನೆಡಿಸಿ, ಲಕ್ಕವ್ವನ ಕುರಿಗಳು ಆ ದಾರಿಯಲ್ಲಿ ನಡೆದು ನೀರು ಕುಡಿದದ್ದನ್ನು ಕಣ್ಣಾರೆ ಕಂಡ ಮೇಲೆಯೇ ರುಜು ಹಾಕಿದ.

ಬಸ್ಸಿಗೆ ಕಾಯುವಾಗ ಕೇಳಿದೆ: "ಮಾವಾ, ಈ ಚಟ ನಿನಗ ಎಲ್ಲಿಂದ ಹತ್ತಿತು?"

ನಗುತ್ತಾನೆಂದುಕೊಂಡಿದ್ದೆ.

"ನಿಮ್ಮವ್ವನ ಮದಿವಿ ಮಾತು ನಮ್ಮ ಪಡಸಾಲ್ಯಾಗ ಮುಗೀತು. ಎಲ್ಲಾರೂ ಸಕ್ಕರಿ ತಿಂದ್ರು. ನಾನೂ ತಿಂದೆ. ಹಿತ್ತಲಕ್ಕ ಹೋದ್ರ ಅಕ್ಕ ಒಬ್ಬಾಕಿನ ಕುಂತು ಅಳಾಕತ್ತಿದ್ಲು. ಆಕಿನ್ನ ಯಾರೂ ಕೇಳಲೇ ಇಲ್ಲ, ಅಳಿಯಾ."

ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಕೇಳಿದ್ದರೆ ಆಕೆ ಒಲ್ಲೆ ಎನ್ನುತ್ತಿದ್ದಳೇ? ಹಾಗಂದಿದ್ದರೆ ಈ ಬಿಪಿಯಾದರೂ ಯಾರಿಗೆ ಬರುತ್ತಿತ್ತು!

ಮನೆಯಲ್ಲಿ ಅವ್ವ ಬದನೆಕಾಯಿ ಹೆಚ್ಚುತ್ತಿದ್ದಳು. ಎದುರಿಗೆ ಕುಳಿತೆ.

"ಯವ್ವಾ, ಮದಿವಿ ಮಾತಾಡಿದ ದಿನ ನಿನ್ನ ಕೇಳಿದ್ರ ಏನಂತಿದ್ದಿ?"

ಅವ್ವನ ಕೈ ನಿಂತಿತು. ನನ್ನನ್ನೇ ನೋಡಿದಳು.

"ನಾ ಸಾಕಿದ್ದ ಆಡಿಗಿ ದಿನ ತುಂಬಿತ್ತಪಾ. ಅದು ಈದ ಮ್ಯಾಲ ಗಂಡನ ಮನಿಗಿ ಹೋಗ್ತೀನಿ ಅಂತಿದ್ದೆ. ಮರೀದು ಮಕ ನೋಡಬೇಕಂತಿತ್ತು. ಅಷ್ಟ."