ಗುಬ್ಬಿ ಕಾಂಪೌಂಡ್ರ ಸ್ವಾತಂತ್ರ್ಯ ಸಂಗ್ರಾಮ

ಬನ್ನಿ, ಆ ಚಾಪೆ ಇತ್ಲಾಗೆ ಎಳ್ಕೊಂಡು ಗೋಡೆಗೆ ಒರಗಿ ಕೂತ್ಕೊಳ್ಳಿ. ಅವರೇಕಾಯಿ ಬುಟ್ಟಿ ಮಧ್ಯಕ್ಕಿಡಿ. ಕೈ ಸುಲೀತಾ ಇರ್ಲಿ, ಕಿವಿ ನನ್ನ ಕಡೆ ಇರ್ಲಿ. ಆಸ್ಪತ್ರೆ ಅಂದ್ರೆ ಅಳೋ ಜಾಗ ಅಂತ ನೀವು ಅಂದ್ಕೊಂಡಿದೀರಿ. ಗುಬ್ಬಿ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಇಪ್ಪತ್ತೆರಡು ವರ್ಷ ಕಸ ಗುಡಿಸಿ, ಸೂಜಿ ಕುದಿಸಿ, ಒದ್ದಾಡೋ ಮಕ್ಕಳ ಕಾಲು ಹಿಡಿದವಳು ನಾನು. ನಗು ತಡೆಯೋಕೆ ಸೆರಗು ಬಾಯಿಗೆ ತುರುಕಿಕೊಳ್ಳದ ವಾರ ಒಂದೂ ಇರಲಿಲ್ಲ. ಇಂಥವು ಅಲ್ಲಿ ನಡೀತಾನೇ ಇರ್ತಿದ್ವು. ಎಲ್ಲಾ ಹೇಳೋಕೆ ಹೋದ್ರೆ ಈ ಬುಟ್ಟಿ ಅವರೇಕಾಯಿ ಸಾಲಲ್ಲ. ಕಾಂಪೌಂಡ್ರುಗಳು ಸಂಘ ಕಟ್ಟಿದ ಕಥೆ ಮಾತ್ರ ಹೇಳ್ತೀನಿ.

ಬೆಂಚಿನ ಮೇಲಿನ ಜನ

ಮನೆಮನೆಗೆ ಕೇಬಲ್ ಟಿ.ವಿ. ಬರ್ತಿದ್ದ ಕಾಲ. ನಮ್ಮ ಕ್ಲಿನಿಕ್ಕಿನಲ್ಲಿ ಮೂರೇ ಜನ. ಒಳಗೆ ಡಾಕ್ಟ್ರು, ಹೊರಗೆ ಕಿಟಕಿಯಲ್ಲಿ ಮಾತ್ರೆ ಕೊಡೋ ಕಾಂಪೌಂಡ್ರು, ಎಲ್ಲಾ ಕಡೆ ನಾನು. ಕಾಂಪೌಂಡ್ರು ಹುತ್ರಿದುರ್ಗದ ಕಡೆಯವರು. ಹತ್ತನೇ ಕ್ಲಾಸು ಮುಗಿಸಿ ಬಂದು ಸೇರಿದವರು, ಹದಿನೆಂಟು ವರ್ಷ ಅದೇ ಕಿಟಕಿಯಲ್ಲಿ ನಿಂತಿದ್ದರು. ಬಾಯಿ ಬೆಲ್ಲ. ಮುದುಕರಿಗೆ ಮಗ, ಹೆಂಗಸರಿಗೆ ಅಣ್ಣ.

ಡಾಕ್ಟ್ರು ಕೆಟ್ಟವರಲ್ಲ, ಮಾತು ಕಮ್ಮಿ. ರೋಗಿಯ ಮುಖ ನೋಡೋಕೆ ಮುಂಚೆ ಚೀಟಿ ಬರೆದು ಮುಗಿಸೋರು.

ಒಂದು ದಿನ ಕಾಂಪೌಂಡ್ರು ಕುಣಿಗಲ್ಲಿಗೆ ನೆಂಟರ ಮನೆಗೆ ಹೋಗಿದ್ದರು. ಬೆಂಚಿನ ತುಂಬ ಜನ. ಡಾಕ್ಟ್ರು ಒಳಗೆ ಒಬ್ಬರೇ ಕೂತು ಪೇಪರ್ ಓದ್ತಾ ಇದ್ದಾರೆ.

"ಹೋಗ್ರಪ್ಪ ಒಳಗೆ, ಡಾಕ್ಟ್ರು ಖಾಲಿ ಇದಾರೆ" ಅಂದೆ.

ಒಬ್ಬ ಯಜಮಾನ ಕಂಬಳಿ ಸರಿಮಾಡ್ಕೊಂಡು ಹೇಳಿದ: "ಅವ್ರಿಗೆ ಯಾಕವ್ವ ಸುಮ್ನೆ ತೊಂದ್ರೆ. ಓದ್ಕೊಳ್ಳಿ ಪಾಪ. ಕಾಂಪೌಂಡ್ರು ಬರೋಗಂಟ ನಾವು ಕಾಯ್ತೀವಿ."

ಕಾಂಪೌಂಡ್ರಿಗೆ ಇದನ್ನ ಹೇಳಿದಾಗ ಅವರು ನಗಲಿಲ್ಲ. "ಆಯಮ್ಮ, ಡಾಕ್ಟ್ರ ಮಗ ಮೆಡಿಕಲ್ ಓದ್ತಾ ಅವ್ನೆ. ಮುಗಿಸಿದ ತಕ್ಷಣ ತುಮಕೂರು ಸದಾಶಿವನಗರದಲ್ಲಿ ಅಪ್ಪ ಮಗ ಸೇರಿ ದೊಡ್ಡ ಆಸ್ಪತ್ರೆ ಮಾಡ್ತಾರಂತೆ. ಇಲ್ಲಿ ಬಾಗ್ಲು ಹಾಕಿದ ಮಾರನೇ ದಿನ ನಾನ್ಯಾರು? ನನ್ ಹೆಸರಿಗೆ ಸರ್ಕಾರದ್ದು ಒಂದು ಕಾಗದ ಇಲ್ಲ, ಒಂದು ಬೋರ್ಡ್ ಇಲ್ಲ."

ಆ ಸಂಕಟಕ್ಕೇ ಅವರು ಸಂಘ ಸೇರಿದ್ದು. ಅನುಭವ ಇರೋ ಕಾಂಪೌಂಡ್ರುಗಳಿಗೆ ಸರ್ಕಾರ ಒಂದು ಪರೀಕ್ಷೆ ಮಾಡಿ, ಸ್ವಂತವಾಗಿ ರೋಗಿ ನೋಡೋ ಅಧಿಕಾರ ಕೊಡಬೇಕು ಅಂತ ಸಂಘದ ಬೇಡಿಕೆ. ಅಕ್ಷರ ದುಂಡಗಿದೆ ಅಂತ ನಮ್ಮವರನ್ನೇ ಕಾರ್ಯದರ್ಶಿ ಮಾಡಿದರು.

ಹೊಟ್ಟೆನೋವು

ಮೊದಲನೇ ಸಭೆ ತುಮಕೂರಿನ ಉಪ್ಪಾರಹಳ್ಳಿಯ ಒಂದು ಸಮುದಾಯ ಭವನದಲ್ಲಿ. ಭಾನುವಾರ ಅಲ್ಲಿ ಸೀಮಂತ, ನಾಮಕರಣ ಬಿಡುವಿಲ್ಲ. ಹಂಗಾಗಿ ಗುರುವಾರ ಇಟ್ಟರು. ಗುರುವಾರ ಅಂದ್ರೆ ರಜಾ ಕೇಳ್ಬೇಕು.

ಡಾಕ್ಟ್ರಿಂದ ಸ್ವತಂತ್ರ ಬೇಕು ಅಂತ ಕೇಳೋಕೆ ಹೊರಟ ಮನುಷ್ಯನಿಗೆ ಡಾಕ್ಟ್ರ ಹತ್ತಿರ ಒಂದು ದಿನ ರಜಾ ಕೇಳೋ ಧೈರ್ಯ ಇಲ್ಲ. ಬೆಳಿಗ್ಗೆ ಬಂದು ಹೊಟ್ಟೆ ಹಿಡ್ಕೊಂಡು ನಿಂತ್ಕೊಂಡ್ರು.

"ಏನಯ್ಯ?"

"ಹೊಟ್ಟೆನೋವು ಸಾರ್."

"ನಾವು ಹೊಟ್ಟೆನೋವಿಗೆ ಏನ್ ಕೊಡ್ತೀವಯ್ಯ?"

"ಬಿಳೀದು ಎರಡು ಸಾರ್."

"ನುಂಗಿ ಕೆಲಸ ನೋಡ್ಕೋ."

ನುಂಗಿದರು. ಕಣ್ಣಲ್ಲಿ ನೀರು. ನಾನೇ ಒಳಗೆ ಹೋಗಿ, "ಸಾರ್, ಇವ್ರಿಗೆ ಭೇದಿನೂ ಶುರುವಾದ್ರೆ ತೊಳೆಯೋಳು ನಾನು. ನನ್ ಕೈಲಿ ಆಗಲ್ಲ" ಅಂದೆ. ಡಾಕ್ಟ್ರು ತಕ್ಷಣ ಮನೆಗೆ ಕಳಿಸಿದರು. ಕಾಂಪೌಂಡ್ರಿಲ್ಲದೆ ಕ್ಲಿನಿಕ್ ಯಾಕೆ ಅಂತ ತಾವೂ ಬೀಗ ಹಾಕಿದರು. ಸಭೆಗೆ ಉಪ್ಪಿಟ್ಟು ಮಾಡೋಕೆ ಜನ ಬೇಕು ಅಂತ ಕಾಂಪೌಂಡ್ರು ನನ್ನನ್ನೂ ಬಸ್ ಹತ್ತಿಸಿದರು.

ಅಲ್ಲಿ ಹೋಗಿ ನೋಡಿದ್ರೆ ನಲವತ್ತು ಜನ ಕಾಂಪೌಂಡ್ರು, ನಲವತ್ತು ಜನಕ್ಕೂ ಹೊಟ್ಟೆನೋವು. ಬೇರೆ ಕಾಯಿಲೆ ಒಬ್ಬರಿಗೂ ಹೊಳೆದಿಲ್ಲ. ಮಧ್ಯಾಹ್ನದ ಹೊತ್ತಿಗೆ ಡಾಕ್ಟ್ರುಗಳು ಒಬ್ಬರಿಗೊಬ್ಬರು ಫೋನ್ ಮಾಡ್ಕೊಂಡು ಗಾಬರಿಯಾದ್ರಂತೆ. ನಾವು ಸಂಜೆ ಗುಬ್ಬಿಯಲ್ಲಿ ಬಸ್ ಇಳಿದಾಗ, ಬೀದಿ ಬೀದಿಗೂ ಬ್ಲೀಚಿಂಗ್ ಪೌಡರ್ ಹಾಕಿಬಿಟ್ಟಿದ್ರು.

ಅಧ್ಯಕ್ಷರು ಬಿದ್ದದ್ದು

ಆವತ್ತಿನ ಸಭೆಯದ್ದೇ ಇನ್ನೊಂದು. ಸಂಘದ ಅಧ್ಯಕ್ಷರು ತುಮಕೂರಿನ ಹಳೇ ಕಾಂಪೌಂಡ್ರು. ಕೂದಲಿಗೆ ಕಪ್ಪು ಬಣ್ಣ, ಕೊರಳಿಗೆ ಶಾಲು. ಬೆಳಗಿನಿಂದ ಸ್ವಾಗತ, ವಂದನೆ ಅಂತ ಓಡಾಡಿ ಏನೂ ತಿಂದಿರಲಿಲ್ಲ. "ಸೂಜಿ ಹಿಡಿಯೋ ಕೈ ನಮ್ಮದು, ಕೈಗುಣ ಅನ್ನೋ ಹೆಸರು ಅವರದು. ಡಾಕ್ಟರ್ ಇಲ್ಲದೆ ನಾವು ಜನರ ಪ್ರಾಣ ಉಳಿಸಬಲ್ಲೆವು" ಅಂದವರೇ ಮೈಕು ಹಿಡ್ಕೊಂಡೇ ಕೆಳಗೆ ಬಿದ್ದರು.

ನಾನು ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದೆ. ಏನ್ ಚುರುಕು ಅಂತೀರಿ. ಒಬ್ಬರು ತೋಳಿನ ಬಟ್ಟೆ ಮಡಚಿದರು, ಒಬ್ಬರು ಹತ್ತಿ ಹರಿದರು, ಒಬ್ಬರು ಜೇಬಿನಿಂದ ಥರ್ಮಾಮೀಟರ್ ತೆಗೆದು ಒದರಿದರು, ಒಬ್ಬರು ಟವಲ್ಲು ಹಿಡಿದು ನಿಂತರು. ಎಲ್ಲಾ ಸಿದ್ಧ ಮಾಡಿ, ನಲವತ್ತು ಜನವೂ ಬಾಗಿಲ ಕಡೆ ತಿರುಗಿದರು. ಅಲ್ಲಾಡಲಿಲ್ಲ. ಇಪ್ಪತ್ತು ವರ್ಷದಿಂದ ಹಂಗೇ ಅಭ್ಯಾಸ. ಎಲ್ಲಾ ಜೋಡಿಸಿಟ್ಟು, ಡಾಕ್ಟ್ರು ಬಂದು ಹೂಂ ಅನ್ನೋವರೆಗೆ ಕಾಯೋದು.

ಬಾಗಿಲಲ್ಲಿ ಒಂದು ಹಸು ಬಂದು ಇಣುಕಿ ಹೋಯಿತು. ಡಾಕ್ಟ್ರು ಯಾರೂ ಬರಲಿಲ್ಲ.

ನನಗೆ ತಡೆಯೋಕಾಗಲಿಲ್ಲ. "ಏನ್ ನೋಡ್ತಾ ನಿಂತಿದೀರಿ? ಶಾಲು ಬಿಚ್ಚಿ, ಸುತ್ತ ನಿಲ್ಲಬೇಡಿ, ಗಾಳಿ ಬರ್ಲಿ. ಕಾಲು ಮೇಲಕ್ಕೆತ್ತಿ ಹಿಡ್ಕೊಳ್ಳಿ" ಅಂದೆ.

"ಆಗ್ಲಿ ಸಾರ್" ಅಂದರು ನಲವತ್ತು ಜನ ಒಟ್ಟಿಗೆ.

ಅಧ್ಯಕ್ಷರು ಕಣ್ಣುಬಿಟ್ಟರು. ಆಮೇಲೆ ಉಪ್ಪಿಟ್ಟು ತಿಂದರು. ನಮ್ಮ ಕಾಂಪೌಂಡ್ರು ಸಂಘದ ಪುಸ್ತಕದಲ್ಲಿ ದುಂಡಗೆ ಬರೆದರು: "ಅಸ್ವಸ್ಥರಾದ ಅಧ್ಯಕ್ಷರನ್ನು ಯಾವ ವೈದ್ಯರ ನೆರವೂ ಇಲ್ಲದೆ ಉಳಿಸಲಾಯಿತು." ಓದಿ ಹೇಳಿದರು ನನಗೆ. ಸುಳ್ಳೇನಲ್ಲ ಬುಡಿ ಅಂದೆ.

ಡಾಕ್ಟ್ರ ಸೈನು

ಸಂಘ ಸರ್ಕಾರಕ್ಕೆ ಕೊಡೋ ಅರ್ಜಿಗೆ ಪ್ರತಿಯೊಬ್ಬರೂ ತಮ್ಮ ಡಾಕ್ಟ್ರಿಂದ ಅನುಭವದ ಸರ್ಟಿಫಿಕೇಟು ತರಬೇಕು ಅಂತ ತುಮಕೂರಿನ ಆರೋಗ್ಯ ಇಲಾಖೆ ಆಫೀಸಿನವರು ಹೇಳಿದರು. ಕಾಂಪೌಂಡ್ರು ಮೂರು ದಿನ ಬಾಗಿಲ ಹತ್ತಿರ ಸುಳಿದಾಡಿ, ನಾಲ್ಕನೇ ದಿನ ಕಾಗದ ಮೇಜಿನ ಮೇಲಿಟ್ಟರು.

ಡಾಕ್ಟ್ರು ಓದಿದರು. "ನನ್ನ ಬುಡಕ್ಕೆ ಕೊಡಲಿ ಹಾಕೋಕೆ ನನ್ನದೇ ಸೈನು ಬೇಕೇನಯ್ಯ ನಿಂಗೆ?"

ಕಾಂಪೌಂಡ್ರು ನೆಲ ನೋಡಿದರು. ಡಾಕ್ಟ್ರು ಪೆನ್ನು ತೆಗೆದು, "ಹದಿನೆಂಟು ವರ್ಷ ದುಡಿದಿರೋದು ನಿಜ ತಾನೇ" ಅಂತ ಸೈನು ಹಾಕಿಕೊಟ್ಟರು.

ಒಂದು ತಿಂಗಳಿಗೆ ಕಾಗದ ವಾಪಸ್ ಬಂತು. ಸೈನು ಡಾಕ್ಟ್ರದ್ದಲ್ಲ, ನಕಲಿ ಅಂತ ಬರೆದಿದ್ದರು. ವಿಷಯ ಏನಪ್ಪ ಅಂದ್ರೆ, ಊರಿನ ಮೇಷ್ಟ್ರುಗಳಿಗೆ, ಗುಮಾಸ್ತರಿಗೆ ಅಷ್ಟು ವರ್ಷ ಕೊಟ್ಟ ರಜಾ ಸರ್ಟಿಫಿಕೇಟಿಗೆಲ್ಲ ಸೈನು ಹಾಕ್ತಿದ್ದದ್ದು ಕಾಂಪೌಂಡ್ರು. ಡಾಕ್ಟ್ರೇ ಬೇಜಾರಾಗಿ, "ನೀನೇ ಗೀಚ್ಕೊಳ್ಳಯ್ಯ" ಅಂತಿದ್ದರು. ಸರ್ಕಾರದ ಕಣ್ಣಿಗೆ ಡಾಕ್ಟ್ರ ಸೈನು ಅಂದ್ರೆ ಅದೇ.

ಡಾಕ್ಟ್ರು ಕನ್ನಡಕ ತೆಗೆದು, ಒರೆಸಿ, ಹಾಕ್ಕೊಂಡರು. ಹಳೇ ಕ್ಯಾಲೆಂಡರ್ ಹಾಳೆ ತಿರುವಿ ಮುಂದಿಟ್ಟುಕೊಂಡರು. "ಬಾರಯ್ಯ ಇಲ್ಲಿ. ನನ್ ಸೈನು ಹೆಂಗೆ ಹಾಕ್ಬೇಕು, ತೋರಿಸು."

ನಾಲ್ಕು ಸಲ ಬರೆದರು. ಕಾಂಪೌಂಡ್ರು ಪಕ್ಕದಲ್ಲಿ ಕೈಕಟ್ಟಿ ನಿಂತು ನೋಡಿ, "ಪರ್ವಾಗಿಲ್ಲ ಸಾರ್, ಬತ್ತಾ ಐತೆ. ಬಾಲ ಇನ್ನೊಸಿ ಎಳೀರಿ" ಅಂದರು.

ಕುರ್ಚಿ

ಮಗ ಡಾಕ್ಟ್ರಾದ ಅಂತ ನಮ್ಮ ಡಾಕ್ಟ್ರು ತಿರುಪತಿಗೆ ಹೋದರು. ಮೂರು ದಿನ ಕಾಂಪೌಂಡ್ರು ಡಾಕ್ಟ್ರ ಕುರ್ಚಿಯಲ್ಲಿ ಕೂತರು. ಅಭ್ಯಾಸ ಆಗ್ಲಿ ಅಂತ.

ಕಿಟಕಿಯಲ್ಲಿ ನಿಂತು ಊರವರ ಕಷ್ಟಸುಖವೆಲ್ಲ ಕೇಳ್ತಿದ್ದ ಮನುಷ್ಯ, ಕುರ್ಚಿಗೆ ಕೂತ ಗಳಿಗೆಯಿಂದ ಮೂಕ. ಹೂಂ ಅನ್ನೋದು, ಮುಖ ನೋಡದೆ ಗೀಚೋದು. ಬೋರ್ಡಿಗೆ ಬರೆಯೋ ಹಂಗಿದ್ದ ಅಕ್ಷರ ಇರುವೆ ಸಾಲಾಯಿತು. ನಿಟ್ಟೂರಿನ ಒಬ್ಬ ಹೆಂಗಸು ಚೀಟಿ ಹಿಡ್ಕೊಂಡು ಈಚೆ ಬಂದು, "ಏನವ್ವ ಬರ್ದವ್ರೆ ಇದ್ರಲ್ಲಿ?" ಅಂದಳು.

ನನಗೆ ಓದು ಬರುತ್ತಾ? ಚೀಟಿ ತಗೊಂಡು ಒಳಗೆ ಹೋದೆ. "ಏನ್ ಬರೆದಿದೀರಿ ಅಣ್ಣ?"

ಕಾಂಪೌಂಡ್ರು ಚೀಟಿಯನ್ನ ಹಿಂಗೆ ತಿರುಗಿಸಿದರು, ಹಂಗೆ ತಿರುಗಿಸಿದರು, ವಾಪಸ್ ಕೊಟ್ಟರು.

"ಇದನ್ನ ಓದೋದು ನನ್ ಕೆಲಸ ಅಲ್ಲ ಆಯಮ್ಮ. ಕಾಂಪೌಂಡ್ರ ಕೆಲಸ."

"ಕಾಂಪೌಂಡ್ರು ಯಾರು?"

"ಈ ಮೂರು ದಿನ ನೀವೇ."

ಆ ಹೆಂಗಸಿಗೆ ನಾನು ಬೇರೆ ಡಾಕ್ಟ್ರ ಮನೆ ದಾರಿ ತೋರಿಸಿದೆ.

ಆಯಾಗಳ ಅರ್ಜಿ

ಆದ್ರೆ ಅವರ ಆ ಮಾತು ಮನಸ್ಸಲ್ಲಿ ಕೂತುಬಿಡ್ತು. ಕಾಂಪೌಂಡ್ರು ಡಾಕ್ಟ್ರಾಗೋದಾದ್ರೆ, ಆಯಾಗಳು ಯಾಕೆ ಕಾಂಪೌಂಡ್ರಾಗಬಾರದು? ಗುಬ್ಬಿಯ ನಾಲ್ಕು ಕ್ಲಿನಿಕ್ಕಿನ ಆಯಾಗಳು ಸೇರಿ ಟೈಪಿಂಗ್ ಅಂಗಡಿಯಲ್ಲಿ ಅರ್ಜಿ ಹೊಡೆಸಿ, ಹೆಬ್ಬೆಟ್ಟು ಒತ್ತಿ, ಕಾಂಪೌಂಡ್ರ ಸಂಘಕ್ಕೇ ಕಳಿಸಿದೆವು. ತಮಾಷೆಗೆ ಅಂತ ಇಬ್ಬರು, ನಿಜವಾಗ್ಲೂ ಅಂತ ಇಬ್ಬರು. ನಾನು ಯಾವ ಕಡೆ ಅಂತ ಕೇಳಬೇಡಿ.

ಅಧ್ಯಕ್ಷರು ಮೇಜು ಗುದ್ದಿದರಂತೆ. "ಓದು ಬರಹ ಇಲ್ದೋರ ಕೈಗೆ ಮಾತ್ರೆ ಕೊಟ್ರೆ ಜನರ ಪ್ರಾಣದ ಗತಿ ಏನು? ತಕ್ಷಣ ಸರ್ಕಾರಕ್ಕೆ ಬರೀರಿ."

ಹೆಂಗೆ ಬರೆಯೋದು ಅಂತ ಯೋಚಿಸೋ ಕಷ್ಟವೇ ಇರಲಿಲ್ಲ. ಹಿಂದಿನ ತಿಂಗಳು ಡಾಕ್ಟ್ರುಗಳ ಸಂಘದವರು ಕಾಂಪೌಂಡ್ರ ವಿರುದ್ಧ ಸರ್ಕಾರಕ್ಕೆ ಎರಡು ಪುಟ ಬರೆದಿದ್ದರು. ಅದರ ಪ್ರತಿ ಇವರ ಹತ್ತಿರ ಇತ್ತು. ನಮ್ಮ ಕಾಂಪೌಂಡ್ರು ಅದನ್ನ ಮುಂದಿಟ್ಟುಕೊಂಡು, ಕಾಂಪೌಂಡರ್ ಅಂತ ಇದ್ದ ಕಡೆಯೆಲ್ಲ ಆಯಾ ಅಂತ ಹಾಕ್ತಾ ಬಂದರು. ಮೊದಲನೇ ಪುಟ ಸರಿಯಾಗೇ ಬಂತು. ಎರಡನೇ ಪುಟಕ್ಕೆ ಬರೋ ಹೊತ್ತಿಗೆ ಕೈ ತನ್ನ ಹಳೇ ಕಸುಬಿಗೆ ಹೋಯಿತು. ಹದಿನೆಂಟು ವರ್ಷ ಆ ಕೈ ಮಾಡಿದ್ದೇನು? ಡಾಕ್ಟ್ರು ಬರೆದದ್ದನ್ನ ಒಂದಕ್ಷರ ಬಿಡದೆ ಕ್ಲಿನಿಕ್ಕಿನ ಪುಸ್ತಕಕ್ಕೆ ಇಳಿಸೋದು. ಹಂಗೇ ಇಳಿಸಿತು.

ಅಧ್ಯಕ್ಷರು ಕೊನೇಲಿ ಸೈನು ಹಾಕಿ ಸೀಲು ಒತ್ತಿದರು. ಓದಲಿಲ್ಲ. ಕಾರ್ಯದರ್ಶಿ ಬರೆದ ಮೇಲೆ ಓದೋದೇನು?

ಎರಡು ತಿಂಗಳಾದ ಮೇಲೆ ಸಂಘದ ಬೇಡಿಕೆ ಏನಾಯ್ತು ಅಂತ ಕೇಳೋಕೆ ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರೂ ತುಮಕೂರಿನ ಆಫೀಸಿಗೆ ಹೋದರು. ಸಾಹೇಬರು ಫೈಲು ತೆಗೆದರು.

"ನಿಮ್ ಬೇಡಿಕೆ ಮುಗೀತಲ್ರೀ."

"ಮಂಜೂರಾಯ್ತಾ ಸಾರ್?"

"ನೀವೇ ಬರೆದಿದೀರಲ್ಲ. ಕೇಳಿ: 'ಕಾಂಪೌಂಡರ್‌ಗಳಿಗೆ ಸ್ವತಂತ್ರ ಅಧಿಕಾರ ಕೊಡುವುದು ಜನರ ಪ್ರಾಣಕ್ಕೆ ಅಪಾಯ. ಅವರು ಈಗಿರುವ ಜಾಗದಲ್ಲೇ ಇರುವುದು ಕ್ಷೇಮ.' ನಿಮ್ ಸಂಘದ ಸೀಲಿದೆ, ಅಧ್ಯಕ್ಷರ ಸೈನಿದೆ. ಇಂಥ ಪ್ರಾಮಾಣಿಕ ಸಂಘ ನಾನು ಸರ್ವೀಸಲ್ಲೇ ನೋಡಿಲ್ಲ."

ಅಧ್ಯಕ್ಷರು ಕಾರ್ಯದರ್ಶಿ ಮುಖ ನೋಡಿದರು. ಅಕ್ಷರ ಮಾತ್ರ ದುಂಡಗಿತ್ತು.

ಆಮೇಲೆ ಯಾರ್ಯಾರು ಏನಾದರು

ಅಧ್ಯಕ್ಷರು ನಗರಸಭೆ ಚುನಾವಣೆಗೆ ನಿಂತು ಸೋತರು. ಆ ಶಾಲು ಹೊದ್ದು ಈಗಲೂ ಮದುವೆಗಳಿಗೆ ಬರ್ತಾರೆ, ಮೈಕು ಕಂಡ್ರೆ ಯಾರಾದರೂ ಒಂದು ಕುರ್ಚಿ ತಂದು ಹಿಂದೆ ಇಡ್ತಾರೆ. ಡಾಕ್ಟ್ರು ಮೊದಲೇ ಅಂದ್ಕೊಂಡಿದ್ದ ಹಂಗೇ ಗುಬ್ಬಿ ಕ್ಲಿನಿಕ್ಕಿನ ಬಾಗಿಲು ಹಾಕಿ ಸದಾಶಿವನಗರದಲ್ಲಿ ಮಗನ ಆಸ್ಪತ್ರೆ ಸೇರಿದರು. ಅಲ್ಲಿ ಎಲ್ಲಾ ಕಂಪ್ಯೂಟರ್. ಮಗ ಅಪ್ಪನಿಗೆ ಒಂದು ರೂಮು ಕೊಟ್ಟಿದಾನೆ, ಪೇಪರ್ ತರಿಸಿಕೊಡ್ತಾನೆ. ಮಿಕ್ಕ ಮೂವರು ಆಯಾಗಳಲ್ಲಿ ಇಬ್ಬರು ತೀರ್ಕೊಂಡ್ರು, ಒಬ್ಬಳು ಅಂಗನವಾಡೀಲಿ ಅಡುಗೆ ಮಾಡ್ತಾಳೆ. ನಾನು ಇಲ್ಲಿ ನಿಮ್ಮ ಮುಂದೆ ಅವರೇಕಾಯಿ ಸುಲೀತಾ ಇದೀನಿ.

ಕಾಂಪೌಂಡ್ರು ಹುತ್ರಿದುರ್ಗದ ಕಡೆ ತಮ್ಮೂರಿಗೆ ಹೋದರು. ಸ್ವಲ್ಪ ದಿನ ಮನೆ ಬಿಟ್ಟು ಈಚೆಗೆ ಬರಲಿಲ್ಲ ಅಂತ ಕೇಳಿದೆ. ಆಮೇಲೆ ಬಸ್ ನಿಲ್ಲೋ ಜಾಗದಲ್ಲಿ ಒಂದು ಸಣ್ಣ ಕೋಣೆ ಮಾಡಿ, ಮೇಲೆ ಬೋರ್ಡ್ ಹಾಕಿದರು. ಬೋರ್ಡಲ್ಲಿ ಅವರ ಹೆಸರು ಬಿಟ್ಟು ಇನ್ನೇನೂ ಇಲ್ಲ.

ಓದಿಲ್ಲದೆ ಡಾಕ್ಟ್ರ ಕೆಲಸ ಮಾಡೋರನ್ನ ಸರ್ಕಾರ ಹಿಡೀತಿದ್ದ ಕಾಲ, ಮೊಬೈಲು ಎಲ್ಲರ ಕೈಗೂ ಬಂದಿತ್ತು. ಯಾರೋ ಫೋನ್ ಮಾಡಿ ಇವರ ಮೇಲೆ ದೂರು ಹೇಳಿದರು. ಇಲಾಖೆಯ ಬೇರೊಬ್ಬ ಸಾಹೇಬರು ಜೀಪಲ್ಲಿ ಬಂದರು.

"ಏನ್ರೀ ಮಾಡ್ತೀರಾ ಇಲ್ಲಿ?"

"ಕೂತಿರ್ತೀನಿ ಸಾರ್."

"ಈ ಜನ?"

"ಅವ್ರೂ ಕೂತಿರ್ತಾರೆ."

"ಬೋರ್ಡ್ ಯಾಕೆ ಮತ್ತೆ?"

"ನನ್ ಹೆಸರು ಸಾರ್ ಅದು. ನಮ್ಮಪ್ಪ ಇಟ್ಟಿದ್ದು."

ಸಾಹೇಬರು ಎಲ್ಲಾ ತಡಕಿದರು. ಸೂಜಿ ಇಲ್ಲ, ಮಾತ್ರೆ ಇಲ್ಲ. ಒಂದು ಬೆಂಚು, ಒಂದು ನೀರಿನ ಗಡಿಗೆ, ಗೋಡೆ ಮೇಲೆ ದುಂಡಗೆ ಬರೆದ ಬಸ್ಸಿನ ಟೈಮು. ಬೆಂಚಿನ ಮೇಲಿದ್ದ ಒಬ್ಬ ಅಜ್ಜಿ ಹೇಳಿದಳು: "ಇವ್ರು ಎಲ್ಲಾ ಕೇಳ್ಕೊಂಡು, ಇದಕ್ಕೆ ಏನೂ ಬೇಡ ಮಲಿಕ್ಕೋ ಅಂತಾರೆ. ಇಲ್ಲಾಂದ್ರೆ ಇದು ದೊಡ್ಡಾಸ್ಪತ್ರೇದು ಅಂತ ಕುಣಿಗಲ್ ಬಸ್ಸು ಹತ್ತಿಸ್ತಾರೆ. ಕಾಯಿಲೆ ಜೋರಾದ್ರೆ ತಾವೂ ಹತ್ತುತ್ತಾರೆ."

ಸಾಹೇಬರು ಹೋಗಿ ವರದಿ ಬರೆದು, ಅದರ ಒಂದು ಪ್ರತಿಯನ್ನ ಕಾಂಪೌಂಡ್ರಿಗೂ ಕಳಿಸಿದರು. ಕಳೆದ ಸಲ ನಾನು ಹೋದಾಗ ಅದು ಗಾಜು ಹಾಕಿಸಿದ ಫ್ರೇಮಿನಲ್ಲಿ ಬಾಗಿಲಿಗೆ ಎದುರಾಗಿ ತೂಗ್ತಿತ್ತು. ಹೂವು ಬೇರೆ ಮುಡಿಸಿದ್ದರು. ಏನ್ ಬರೆದೈತಣ್ಣ ಅಂದೆ. ಕನ್ನಡಕ ಹಾಕ್ಕೊಂಡು, ಎದ್ದು ನಿಂತು ಓದಿದರು:

"ಈ ವ್ಯಕ್ತಿಯು ಯಾವುದೇ ರೀತಿಯ ಚಿಕಿತ್ಸೆ ನೀಡುತ್ತಿಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ."

"ಸರ್ಕಾರದ ಸೀಲು ನೋಡಿ ಆಯಮ್ಮ" ಅಂದರು. "ನನ್ ಹೆಸರಿಗೇ ಬಂದೈತೆ."